ನಿನ್ನ ಲ್ಯಾಪ್‌ಟಾಪಿಗೆ ಬಂದ ಜ್ವರ

ಮನೆಯಿಂದ
ಮಾರ್ಚ್ ೧೧, ಮಂಗಳವಾರ, ಬೆಳಿಗ್ಗೆ ಎಂಟೂವರೆ

ಪ್ರೀತಿಯ ಪುಟ್ಟಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆ ಆಯಿತಾ? ಹಡಗಿನ ಎಂಜಿನ್ ಕೋಣೆಯಲ್ಲಿ ಬೆವರಿಳಿಸಿಕೊಂಡು ನಿಂತು, ಮೇಲೆ ಬಂದ ಕೂಡಲೇ ತಣ್ಣೀರು ಸುರಿದುಕೊಳ್ಳಬೇಡ ಅಂತ ಎಷ್ಟು ಸಲ ಹೇಳಿದ್ದೇನೋ, ನೀನು ಎಷ್ಟು ಸಲ ಹೂಂ ಅಂದಿದ್ದೀಯೋ. ನಿನ್ನ ಹಡಗಿಗೆ ಹೊಸದಾಗಿ ಸೇರುವ ಅಡುಗೆಯವರು ಹತ್ತು ಗಂಟೆಗೆ ನಮ್ಮ ಬೀದಿಯಲ್ಲೇ ಹಾದುಹೋಗುತ್ತಾರಂತೆ, ಅವರ ಕೈಗೆ ಈ ಕಾಗದ ಕೊಡಬೇಕು. ಫೋನಿನಲ್ಲಿ ನೀನು ಸಿಕ್ಕುವುದೇ ಹದಿನೈದು ದಿನಕ್ಕೊಮ್ಮೆ, ಸಿಕ್ಕರೂ ‘ಹಲೋ, ಕೇಳಿಸ್ತಾ ಇದೆಯಾ’ ಅನ್ನುವುದರಲ್ಲೇ ಅರ್ಧ ಮಾತು ಮುಗಿದಿರುತ್ತದೆ. ನಾನು, ನಿನ್ನ ಹೆಂಡತಿ ಇಬ್ಬರೂ ಚೆನ್ನಾಗಿದ್ದೇವೆ. ನನಗೆ ಮಾತ್ರ ನಿನ್ನೆ ಸಂಜೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಿಗ್ಗೆಯಿಂದ ಒಂದೇ ಕಾಲರನ್ನು ಎರಡು ಸಲ ತಿರುಗುಮುರುಗಾಗಿ ಹೊಲಿದು ಬಿಚ್ಚಿದೆ. ಬಾಲ ಸುಟ್ಟ ಬೆಕ್ಕಿನ ಹಾಗೆ ಬಾಗಿಲಿಗೂ ಹೊಲಿಗೆ ಮಿಷನ್ನಿಗೂ ಓಡಾಡುತ್ತಿದ್ದೇನೆ. ಕಾರಣ ಆಮೇಲೆ ಹೇಳುತ್ತೇನೆ, ಮೊದಲು ಲ್ಯಾಪ್‌ಟಾಪಿನ ವಿಷಯ ಕೇಳು.

ಆಟ ಆಡೋಕೆ ಅಂತ ತಂದು, ಹಡಗು ಹತ್ತುವಾಗ ಹೆಂಡತಿಗೆ ಬಿಟ್ಟು ಹೋದೆಯಲ್ಲ, ಆ ದಪ್ಪ ಕರೀ ಗೇಮಿಂಗ್ ಲ್ಯಾಪ್‌ಟಾಪು, ಅದೇ. ಅವಳು ಅದರಲ್ಲಿ ಇನ್ನೂ ಕಟ್ಟದ ಕಟ್ಟಡಗಳ ಚಿತ್ರ ಮಾಡುತ್ತಾಳೆ. ಬಾಗಿಲು ತೆಗೆದು ಒಳಗೆ ಹೋಗಿ ಮೆಟ್ಟಿಲು ಹತ್ತಿ ಇಳಿದ ಹಾಗೆ ಕಾಣಿಸುತ್ತದೆ, ನೋಡುತ್ತಾ ನನಗೇ ಮಂಡಿ ನೋವು ಬರುತ್ತದೆ. ಅದೆಲ್ಲ ಬಿಡಿಸುವುದು ಒಳಗಿರುವ ಗ್ರಾಫಿಕ್ಸ್ ಕಾರ್ಡಂತೆ. ದುಡಿದಷ್ಟೂ ಕಾಯುತ್ತದಂತೆ. ಪರದೆಯ ಮೂಲೆಯಲ್ಲಿ ಅದರ ಬಿಸಿ ಎಷ್ಟು ಅಂತ ಒಂದು ಅಂಕಿ ಬರುತ್ತದೆ. ಹೋದ ತಿಂಗಳು ಒಂದು ದಿನ ಅವಳು ಆ ಅಂಕಿಯನ್ನೇ ನೋಡುತ್ತಾ ಉಗುರು ಕಚ್ಚುತ್ತಿದ್ದಳು. ಎಷ್ಟಮ್ಮಾ ಅಂದೆ. ತೊಂಬತ್ತೆರಡು ಅಂದಳು. ಅಯ್ಯೋ, ಅದು ಜ್ವರವೇ ಅಲ್ಲ, ನೂರು ದಾಟಲಿ ಬಿಡು ಅಂದೆ ನಾನು, ನಿನ್ನನ್ನು ಸಾಕಿದ ಅನುಭವದಿಂದ. ಅವಳು ನಕ್ಕು, ನೀರು ನೂರಕ್ಕೆ ಕುದಿಯುತ್ತಲ್ಲ ಅತ್ತೆ, ಆ ಲೆಕ್ಕ ಇದು ಅಂದಳು.

ಅವಳಿಗೆ ಮಾರ್ಚ್ ಏಳರೊಳಗೆ ಯಾವುದೋ ಕಚೇರಿಗೆ ಮಕ್ಕಳ ಆಸ್ಪತ್ರೆಯೊಂದರ ಚಿತ್ರ ಮಾಡಿ ಕಳಿಸಬೇಕಿತ್ತು. ಹಗಲೆಲ್ಲ ಕೂರುತ್ತಿದ್ದಳು. ಲ್ಯಾಪ್‌ಟಾಪು ತೊಡೆ ಸುಡುತ್ತೆ ಅಂದದ್ದು ಕೇಳಿ ನಾನು ಸುಮ್ಮನಿರುತ್ತೇನಾ? ಉಳಿದ ಕೋಟಿನ ಬಟ್ಟೆ ಸೇರಿಸಿ, ಒಳಗೆ ಹತ್ತಿ ತುಂಬಿ, ನಾಲ್ಕೂ ಅಂಚಿಗೆ ಪಟ್ಟಿ ಕೊಟ್ಟು ಮೆತ್ತನೆ ದಿಂಬು ಹೊಲಿದುಕೊಟ್ಟೆ. ಎಷ್ಟು ಚೆನ್ನಾಗಿದೆ ಅತ್ತೆ ಅಂದಳು. ಅಂದಿನಿಂದ ಲ್ಯಾಪ್‌ಟಾಪು ಅದರ ಮೇಲೇ ಕೂತಿತು, ರಾಜನ ಹಾಗೆ. ಫ್ಯಾನು ಮಾತ್ರ ನನ್ನ ಮಿಷನ್ ಸದ್ದನ್ನೂ ಮೀರಿ ಊಳಿಡತೊಡಗಿತು. ಮೂರನೇ ದಿನ ಮಧ್ಯಾಹ್ನ ಪರದೆ ಕಪ್ಪಾಯಿತು. ಮರುದಿನ ಇನ್ನೊಮ್ಮೆ, ಅರ್ಧ ದಿನದ ಕೆಲಸದ ಸಮೇತ. ಹುಡುಗಿ ಎದ್ದು ಹೋಗಿ ಪಾತ್ರೆ ತೊಳೆದಳು, ತೊಳೆದಿಟ್ಟ ಪಾತ್ರೆಗಳನ್ನೇ.

ರಿಪೇರಿಯವರನ್ನು ಮನೆಗೇ ಕರೆಸಿದೆವು. ಅವರು ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ, ಚಿಮುಟದಲ್ಲಿ ಒಂದು ಪದರ ಎಳೆದು ಮೇಜಿನ ಮೇಲೆ ಇಟ್ಟರು. ಕಂಬಳಿಯ ತುಂಡಿನ ಹಾಗಿತ್ತು. ನನಗೆ ನೋಡಿದ ಕೂಡಲೇ ಗೊತ್ತಾಯಿತು: ನೀಲಿ ಎಳೆ ಶಾಲೆಯ ಸಮವಸ್ತ್ರದ್ದು, ಕೆಂಪು ಎಳೆ ಮದುವೆ ಬ್ಯಾಂಡಿನವರ ಕೋಟಿನದು. ನನ್ನ ಮಿಷನ್ನಿನ ನೂಲುದೂಳೆಲ್ಲ ಹೋಗಿ ಅದರ ಮೂಗಿನಲ್ಲಿ ಕೂತಿದೆ! ಗ್ರಾಫಿಕ್ಸ್ ಚಿಪ್ ಮೇಲೆ ಬಳಿದಿದ್ದ, ಬಿಸಿಯನ್ನು ದಾಟಿಸುವ ಪೇಸ್ಟೂ ಒಣಗಿ ಪುಡಿಯಾಗಿತ್ತು. ಅದನ್ನು ಒರೆಸಿ, ಹೊಸದನ್ನು ಅಕ್ಕಿಕಾಳಿನಷ್ಟು ಹಾಕಿದರು. ಆಮೇಲೆ, ಇದನ್ನು ಯಾವುದರ ಮೇಲೆ ಇಡ್ತೀರಿ, ಹಾಸಿಗೆ, ದಿಂಬು ಅಂಥದ್ದರ ಮೇಲೆ ಇಟ್ಟರೆ ಅಡಿಯಿಂದ ಗಾಳಿ ಎಳೆಯೋಕಾಗಲ್ಲ, ಉಸಿರು ಕಟ್ಟುತ್ತೆ ಅಂದರು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ನಿನ್ನ ಹೆಂಡತಿ ನನ್ನ ಕಡೆ ನೋಡದೆ, ಮೇಜಿನ ಮೇಲೇ ಇಡ್ತೀವಿ ಅಂದಳು. ಅನ್ನುತ್ತಾ ಕಾಲಿನಿಂದ ಆ ದಿಂಬನ್ನು ಮೆಲ್ಲಗೆ ಕುರ್ಚಿಯಡಿಗೆ ತಳ್ಳಿದಳು. ನಾನು ನೋಡಿದೆ. ನಾನು ನೋಡಿದ್ದು ಅವಳಿಗೆ ಗೊತ್ತಿಲ್ಲ.

ಮರುದಿನ ಅವಳು ಸ್ನಾನಕ್ಕೆ ಹೋದಾಗ ನಾನು ಮಿಷನ್ನನ್ನು ಎಳೆದುಕೊಂಡು ಹೋಗಿ ಅಡುಗೆಮನೆಯ ಮೂಲೆಯಲ್ಲಿ ಹಾಕಿಕೊಂಡೆ. ಅಲ್ಲಿ ಬೆಳಕಿಲ್ಲ, ಒಗ್ಗರಣೆ ಹೊಗೆ ಬೇರೆ. ಎರಡು ದಿನ ಹೇಗೋ ಹೊಲಿದೆ. ಮೂರನೇ ದಿನ ಒಂದು ಅಂಗಿಗೆ ಗುಂಡಿಯ ಕಾಜಾವನ್ನು ಎಡಗಡೆಗೆ ಹಾಕಬೇಕಿದ್ದಲ್ಲಿ ಬಲಗಡೆಗೆ ಹಾಕಿಟ್ಟೆ. ಮೂವತ್ತು ವರ್ಷದಲ್ಲಿ ಮೊದಲ ಸಲ. ಅದನ್ನು ಹಿಡಿದುಕೊಂಡು ಕೂತಿದ್ದಾಗ ಅವಳು ಬಂದಳು. ಅಂಗಿ ನೋಡಿದಳು, ಮಿಷನ್ನಿನ ಒಂದು ಕಡೆ ಹಿಡಿದಳು.

“ಎತ್ತಿ ಅತ್ತೆ. ಈ ಮನೇಲಿ ಒಂದು ಮಿಷನ್ ಓಡೋಕೆ ಇನ್ನೊಂದು ನಿಲ್ಲಬೇಕಾಗಿಲ್ಲ.”

ಹೀಗೆ ಮುಂದಿನ ಕೋಣೆಗೆ ವಾಪಸ್ ಬಂದೆ. ಈಗ ನಾನು ಕಿಟಕಿಯ ಹತ್ತಿರ, ಅವಳು ಎದುರು ಗೋಡೆಯ ಹತ್ತಿರ. ಲ್ಯಾಪ್‌ಟಾಪಿನ ಹಿಂಬದಿಗೆ ಎರಡು ಖಾಲಿ ದಾರದ ರೀಲು ಕೊಟ್ಟು ಎತ್ತರಿಸಿದ್ದೇವೆ, ಅಡಿಯಲ್ಲಿ ಗಾಳಿ ಆಡಲಿ ಅಂತ. ಅವಳು ಶುರುಮಾಡುವ ಮೊದಲು ನಾನು ಒದ್ದೆ ಬಟ್ಟೆಯಲ್ಲಿ ನೆಲ ಒರೆಸುತ್ತೇನೆ. ಅವಳು ಏನೋ ಸೆಟ್ಟಿಂಗಿನಲ್ಲಿ ಅದರ ವೇಗ ಸ್ವಲ್ಪ ತಗ್ಗಿಸಿದ್ದಾಳೆ, ನಿಧಾನವಾದರೂ ಸರಿ, ನಡುವೆ ನಿಲ್ಲದಿದ್ದರೆ ಸಾಕು ಅಂತ. ಏಳನೇ ತಾರೀಕು ಬೆಳಿಗ್ಗೆಯಿಂದ ಇಬ್ಬರೂ ಹಾಲು ಕಾಯಲಿಟ್ಟವರ ಹಾಗೆ ಅಂಕಿ ನೋಡುತ್ತಾ ಕೂತೆವು. ಎಪ್ಪತ್ತೊಂದು, ಎಪ್ಪತ್ತಾರು, ಎಪ್ಪತ್ತೊಂಬತ್ತು. ಅಲ್ಲಿಗೆ ನಿಂತಿತು. ಸಂಜೆ ನಾಲ್ಕಕ್ಕೆ ಆಸ್ಪತ್ರೆ ಪೂರ್ತಿಯಾಯಿತು. ಕಿಟಕಿಗಳೆಲ್ಲ ಮಕ್ಕಳ ಎತ್ತರಕ್ಕೆ ಇವೆ, ಮಲಗಿದ ಮಗುವಿಗೂ ಹೊರಗಿನ ಮರ ಕಾಣುತ್ತದೆ. ಇಷ್ಟು ದಿನ ಇವಳು ಪಕ್ಕದಲ್ಲೇ ಕೂತು ಇದನ್ನೆಲ್ಲ ಕಟ್ಟುತ್ತಿದ್ದಳು, ನಾನು ಚಿತ್ರ ಬಿಡಿಸುತ್ತಾಳೆ ಅಂದುಕೊಂಡಿದ್ದೆ.

ಹೊತ್ತಾಯಿತು. ಹೊಟ್ಟೆ ತುಂಬ ಊಟ ಮಾಡು, ಎಂಜಿನ್ ಹತ್ತಿರ ಹುಷಾರು. ಅಡುಗೆಯವರ ಜೊತೆ ಎರಡು ಬನಿಯನ್ ಕಳಿಸಿದ್ದೇನೆ, ಕಂಕುಳಲ್ಲಿ ಸಡಿಲ ಬಿಟ್ಟು ಹೊಲಿದಿದ್ದೇನೆ. ನಿನಗೂ ನಿನ್ನ ಜೊತೆಯವರಿಗೂ ಸಮುದ್ರ ಶಾಂತವಾಗಿರಲಿ.

ಇತಿ,
ನಿನ್ನ ಅಮ್ಮ

ಮರೆತಿದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಬರೆಯುತ್ತಿದ್ದೇನೆ: ಆ ಆಸ್ಪತ್ರೆಯ ಚಿತ್ರ ಕೆಲಸಕ್ಕೆ ಇಟ್ಟ ಪರೀಕ್ಷೆಯಂತೆ. ನಿನ್ನೆ ಸಂಜೆ ಉತ್ತರ ಬಂತು, ಅವಳನ್ನು ತಗೊಂಡಿದ್ದಾರೆ. ಆ ಕಚೇರಿ ಇರುವ ಊರು ರೈಲಿನಲ್ಲಿ ಒಂದು ಹಗಲಿನ ದಾರಿ, ಏಪ್ರಿಲ್ ಒಂದಕ್ಕೆ ಸೇರಬೇಕು. ಬೇಡ ಅಂತ ಬರೆದುಬಿಡ್ತೀನಿ ಅತ್ತೆ, ನಿಮ್ಮ ಮಗ ಒಪ್ಪಲ್ಲ ಅಂದಳು. ಹೋದ ರಜೆಯಲ್ಲಿ ನೀನು, ಮನೇಲಿ ಕೂತು ಏನು ಬೇಕಾದರೂ ಮಾಡು, ಹೊರಗೆ ದುಡಿಯೋಕೆ ಹೋಗೋದು ಬೇಡ ಅಂದಿದ್ದು ನನಗೂ ಕೇಳಿಸಿತ್ತು. ಆಗ ಸುಮ್ಮನಿದ್ದದ್ದು ನನ್ನ ತಪ್ಪು. ಈ ಸಲ ಅವಳಿಗೆ, ಬರ್ತೀನಿ ಅಂತ ಬರಿ, ನಾನೂ ಮಿಷನ್ ಕಟ್ಟಿಕೊಂಡು ನಿನ್ನ ಜೊತೆ ಬರ್ತೀನಿ ಅಂದೆ. ರಾತ್ರಿಯೇ ಬರೆದು ಕಳಿಸಿದಳು. ಹಾಗಾಗಿ ಇದು ನಿನ್ನನ್ನು ಕೇಳುವ ಕಾಗದ ಅಲ್ಲ, ಹೇಳುವ ಕಾಗದ. ರಜೆಗೆ ಈ ಮನೆಗೆ ಬರಬೇಡ, ಬೀಗ ಹಾಕಿರುತ್ತೆ, ಹೊಸ ವಿಳಾಸ ಕಳಿಸ್ತೀನಿ. ಮೊದಲು ಅವಳಿಗೆ ಫೋನ್ ಮಾಡಿ ಸಂತೋಷ ಆಯಿತು ಅನ್ನು. ಬೈಯೋದಿದ್ದರೆ ಆಮೇಲೆ ನನ್ನನ್ನು ಬೈ. ಅಡುಗೆಯವರು ಬಾಗಿಲಲ್ಲಿ ನಿಂತಿದ್ದಾರೆ.