ಹೊಟ್ಟೆ ಸಡಿಲ ಬಿಡಿ

೧೪ ಮಾರ್ಚ್, ಗುರುವಾರ

ಪ್ರೀತಿಯ ಪುಟ್ಟಿಗೆ,

ಅಣ್ಣನ ಆಶೀರ್ವಾದ. ನೀನು ಆಸ್ಪತ್ರೆಯ ಮಂಚದಲ್ಲಿರುವಾಗ ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದಕ್ಕೇ ನಾಚಿಕೆ. ಪತ್ರ ತಡವಾಯಿತು, ಬೈಯಬೇಡ. ರಿಪೋರ್ಟ್ ಇನ್ನೂ ಬಂದಿಲ್ಲ ಎಂದು ನಿನ್ನ ಯಜಮಾನರಿಗೆ ಫೋನಿನಲ್ಲಿ ಹೇಳಿದ್ದು ಸುಳ್ಳು. ಅದು ಹೋದ ವಾರವೇ ಬಂದಿದೆ. ನನ್ನ ಲಿವರಿನ ತುಂಡು ಸದ್ಯಕ್ಕೆ ನಿನಗೆ ಕೊಡುವ ಹಾಗಿಲ್ಲವಂತೆ.

ಅಂದು ಎಲ್ಲರೆದುರು ಎದೆ ತಟ್ಟಿಕೊಂಡಿದ್ದೆನಲ್ಲ, "ನಂದೇ ತಗೊಳ್ಳಿ, ಗುಂಡುಕಲ್ಲಿನ ಹಾಗಿದೀನಿ" ಎಂದು. ಅದು ತಕ್ಕಡಿ ಕೊಟ್ಟ ಧೈರ್ಯ. ಅಂಗಡಿಗೆ ರಿಪೇರಿಗೆ ಬಂದ ದೊಡ್ಡ ತಕ್ಕಡಿಗಳನ್ನು ಸರಿಮಾಡಿದ ಮೇಲೆ ಮೊದಲು ಹತ್ತಿ ನಿಲ್ಲುವವನು ನಾನೇ ತಾನೆ? ಮದುವೆಯಲ್ಲಿದ್ದಷ್ಟೇ ತೂಕ, ಪ್ಯಾಂಟೂ ಅದೇ ಮೂವತ್ತನಾಲ್ಕು. ಇನ್ನೇನು ಬೇಕು ಎಂದುಕೊಂಡಿದ್ದೆ.

ಆಸ್ಪತ್ರೆಯಲ್ಲಿ ನರ್ಸಮ್ಮ ಟೇಪು ತಂದಳು. "ಮೂವತ್ನಾಲ್ಕು ಬರ್ಕೊಳ್ಳಿ" ಅಂದೆ. "ಪ್ಯಾಂಟಿನ ಸೈಜ್ ಕೇಳ್ತಿಲ್ಲ ಸಾರ್. ನೀವು ಬೆಲ್ಟ್ ಕಟ್ಟಿರೋದು ಹೊಟ್ಟೆ ಕೆಳಗೆ" ಎನ್ನುತ್ತಾ ಟೇಪನ್ನು ಮೇಲೆ, ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಿದಳು. ನಿನ್ನ ಅತ್ತಿಗೆ ಕಿಸಕ್ಕನೆ ನಕ್ಕಳು. "ಹೊಟ್ಟೆ ಸಡಿಲ ಬಿಡಿ, ಉಸಿರು ಬಿಡಿ" ಎಂದಳು ನರ್ಸಮ್ಮ. ನಾನು ಬಿಡಲಿಲ್ಲ. ತಟ್ಟೆಗೆ ಬೆರಳು ಒತ್ತಿ ತೂಗುವ ವ್ಯಾಪಾರಿಗಳನ್ನು ಜೀವಮಾನವೆಲ್ಲ ಬೈದವನು, ಅಲ್ಲಿ ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದೆ. ಅವಳೂ ಜಗ್ಗಲಿಲ್ಲ, ಟೇಪು ಹಿಡಿದೇ ಕಾದಳು. ಕೊನೆಗೆ ಉಸಿರು ಕಟ್ಟಿ ಬಿಟ್ಟೆ. ನಲವತ್ತು ಇಂಚು! ಅತ್ತಿಗೆಯ ನಗು ನಿಂತುಹೋಯಿತು.

ಸ್ಕ್ಯಾನ್ ಎಲ್ಲ ಮುಗಿದ ಮೇಲೆ ಡಾಕ್ಟರು ಹೇಳಿದರು: "ನಿಮ್ಮ ತೂಕ ಸರಿಯಾಗೇ ಇದೆ. ಆದ್ರೆ ಕೈಕಾಲು ಸಣ್ಣಗಾಗಿ ಕೊಬ್ಬೆಲ್ಲ ಹೊಟ್ಟೆಯೊಳಗೆ ಸೇರ್ಕೊಂಡಿದೆ. ತಕ್ಕಡಿಗೆ ಅದು ಗೊತ್ತಾಗಲ್ಲ, ಟೇಪಿಗೆ ಗೊತ್ತಾಗುತ್ತೆ. ಲಿವರಲ್ಲೂ ಕೊಬ್ಬಿದೆ, ಸಕ್ಕರೆನೂ ಏರ್ತಿದೆ. ಈಗ ಆಗಲ್ಲ. ಸೊಂಟ ಇಳಿಸ್ಕೊಂಡು ಬನ್ನಿ, ಮತ್ತೆ ನೋಡೋಣ." ಕಾಯಲು ನಿನಗೆಷ್ಟು ಸಮಯವಿದೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ದಿನಾ ಬೆಳಿಗ್ಗೆ ನಡೆಯುತ್ತೇನೆ. ಮನೆಯಲ್ಲಿ ಕರಿದದ್ದು, ಸಿಹಿ ಎಲ್ಲ ಬಂದ್. ಬೆಲ್ಟನ್ನು ಹೊಟ್ಟೆಯ ಮೇಲಕ್ಕೆ ಎಳೆದು ಕಟ್ಟಲು ಹೋದೆ, ಕೊನೆಯ ತೂತಿಗೂ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ನೋಡದೆ ಇಷ್ಟು ವರ್ಷ ಬೀಗಿದೆನಲ್ಲಾ ಎಂದು ಮುಖ ಎತ್ತಲು ಆಗುತ್ತಿಲ್ಲ ಕಣೇ.

ನಿನ್ನ ಕಣ್ಣಿನ ಹಳದಿ ಇಳಿಯಲಿ, ಊಟ ರುಚಿಸಲಿ. ನನ್ನ ಆಯಸ್ಸೂ ನಿನಗೇ ಸೇರಲಿ.

ನಿನ್ನ
ಅಣ್ಣ

ತಾ.ಕ.: ಆಯಸ್ಸು ಸೇರಲಿ ಎಂದು ಬರೆದವನಿಗೆ ಪತ್ರ ಮಡಚಲು ಆಗಲಿಲ್ಲ. ಡಾಕ್ಟರು "ಈಗ ಆಗಲ್ಲ" ಎಂದಾಗ ನನಗೆ ಮೊದಲು ಆದದ್ದು ದುಃಖವಲ್ಲ ಪುಟ್ಟೀ, ಸಮಾಧಾನ. ಹೊಟ್ಟೆ ಕೊಯ್ಯಿಸಿಕೊಳ್ಳಲು ನನಗೆ ಅಷ್ಟು ಹೆದರಿಕೆಯಿತ್ತು. ಟೇಪಿನ ಮುಂದೆ ಒದ್ದಾಡಿ ಬಿಟ್ಟ ಉಸಿರು ಆಗ ತಾನಾಗಿಯೇ ಹೊರಬಂತು. ಪಕ್ಕದಲ್ಲಿದ್ದ ನಿನ್ನ ಅತ್ತಿಗೆ ನನ್ನ ಮುಖ ನೋಡಿದಳು. ಮರುದಿನದಿಂದ ಬೆಳಿಗ್ಗೆ ಅವಳೇ ನನ್ನ ಚಪ್ಪಲಿ ಬಾಗಿಲಿಗೆ ತಂದಿಡುತ್ತಾಳೆ. ಹೆದರಿಕೆ ಇನ್ನೂ ಹೋಗಿಲ್ಲ. ಮೆಟ್ಟಿಕೊಂಡು ಹೊರಡುತ್ತೇನೆ.