ಟೊಲೆಡೊ ಓಣಿಯಲ್ಲಿ ಕಂಡ ಅಳಿಯ

ಸ್ಟ್ರೀಟ್ಸ್‌ವಿಲ್, ಮಿಸ್ಸಿಸಾಗ
ಅಕ್ಟೋಬರ್ ೨೦, ೨೦೨೪

ಪ್ರೀತಿಯ ಜಯಕ್ಕನಿಗೆ ವೇದಾಳ ನಮಸ್ಕಾರ.

ನಿನ್ನ ಮಂಡಿ ನೋವು ಹೇಗಿದೆ? ಮಹಡಿ ಹತ್ತುವುದನ್ನು ಬಿಟ್ಟೆಯಾ, ಇಲ್ಲ ಬಟ್ಟೆ ಒಣಹಾಕುವ ನೆಪದಲ್ಲಿ ಹತ್ತುತ್ತಲೇ ಇದ್ದೀಯಾ? ನಾವು ಸ್ಪೇನಿನಿಂದ ಬಂದು ತಿಂಗಳು ದಾಟಿತು. ಒಂದು ಫೋಟೋ ಕಳಿಸಲಿಲ್ಲ, ಫೋನು ಎತ್ತಿದರೂ 'ಆಮೇಲೆ ಮಾಡ್ತೀನಿ' ಅಂತ ಇಟ್ಟುಬಿಡುತ್ತೇನೆ. ನಿನಗೆ ಕೋಪ ಬಂದಿದ್ದರೆ ತಪ್ಪಿಲ್ಲ. ಆದರೆ ನೀನು ಸ್ಪೀಕರ್ ಹಾಕಿಕೊಂಡೇ ಮಾತಾಡುವವಳು. ಇದನ್ನು ಮನೆಮಂದಿಯೆಲ್ಲ ಕೇಳುವಂತೆ ಹೇಳಲಾರೆ. ಅದಕ್ಕೇ ಈ ಕಾಗದ.

ಇವರು ನಿವೃತ್ತರಾದ ಖುಷಿಗೆ ಅಳಿಯ ನಿಜಗುಣನೇ ನಮ್ಮಿಬ್ಬರನ್ನೂ ಮಗಳು ಇಂಚರಾಳನ್ನೂ ಕರೆದುಕೊಂಡು ಹೊರಟಿದ್ದು. ಅವನನ್ನು ನೀನು ಮದುವೆಯಲ್ಲಿ ನೋಡಿದ್ದೀಯ. ಬರ್ಲಿಂಗ್ಟನ್ನಿನಲ್ಲಿ ಇಂಜಿನಿಯರು, ನಯವಾದ ಮಾತು. ಕನ್ನಡ ಸಂಘದ ಕಾರ್ಯಕ್ರಮವಾದರೆ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಜೋಡಿಸುವವನು. ನಾಲ್ಕು ಜನರ ಮುಂದೆ ನಾನು ಅವನನ್ನು 'ಅಳಿಯಂದಿರು' ಅಂತಲೇ ಕರೆಯುತ್ತಿದ್ದೆ. ಇನ್ನು ಮೇಲೆ ಅದು ನನ್ನ ಬಾಯಲ್ಲಿ ಬರಲಾರದು.

ಟೊಲೆಡೊ ನಿಜಕ್ಕೂ ನೋಡುವಂಥ ಊರು. ಗುಡ್ಡದ ಮೇಲೆ ಕೋಟೆ, ಸುತ್ತ ನದಿ, ಒಳಗೆ ಜಡೆ ಹೆಣೆದಂತೆ ಓಣಿಗಳು. ಕೆಲವು ಎಷ್ಟು ಇಕ್ಕಟ್ಟೆಂದರೆ ಕೈ ಚಾಚಿದರೆ ಎರಡೂ ಕಡೆಯ ಗೋಡೆ ಸಿಗುತ್ತದೆ. ಅದರಲ್ಲೂ ಕಾರು ನುಗ್ಗುತ್ತದೆ! ಆಗ ಹಲ್ಲಿಗಳ ಹಾಗೆ ಗೋಡೆಗೆ ಅಂಟಿಕೊಳ್ಳಬೇಕು. ಅಂಗಡಿಗಳ ಮುಂದೆ ಕತ್ತಿ ಗುರಾಣಿಗಳನ್ನು ತೂಗುಹಾಕಿದ್ದಾರೆ, ಪಕ್ಕದಲ್ಲೇ ಬಾದಾಮಿಯ ಮಿಠಾಯಿ. ಇವರಂತೂ ಚಿಕ್ಕ ಹುಡುಗನ ಹಾಗೆ ಒಂದೊಂದು ಕತ್ತಿಯನ್ನೂ ಮುಟ್ಟಿ ನೋಡಿದರು.

ಹಿಂದೆ ಯಹೂದಿಗಳು ಇದ್ದ ಕೇರಿಯಂತೆ, ಅಲ್ಲಿ ದಾರಿ ತಪ್ಪಿತು. ಮ್ಯಾಪು ನೋಡುತ್ತಿದ್ದವಳು ಇಂಚರಾ. "ಸಾರಿ, ಸಾರಿ, ಇದು ಲೆಫ್ಟ್ ಅನ್ಸತ್ತೆ" ಅಂತ ಮತ್ತೆ ಮತ್ತೆ ಅಂದಳು. ದಾರಿ ತಪ್ಪಿದ್ದಕ್ಕೆ ಇಷ್ಟೊಂದು ಸಾರಿ ಯಾಕೆ ಅಂತ ನಾನು ನಕ್ಕೆ. ನಿಜಗುಣ ನಗಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಬಂದ ಒಬ್ಬ ತರುಣ ನನ್ನ ಚೀಲಕ್ಕೆ ಕೈ ಹಾಕಿ ಎಳೆದ. ನಾನು ಕಲ್ಲುಹಾಸಿನ ಮೇಲೆ ಮುಗ್ಗರಿಸಿ ಬಿದ್ದೆ. ನಿಜಗುಣ ಅಟ್ಟಿಸಿಕೊಂಡು ಓಡಿದ. ಮುಂದೆ ಓಣಿ ಒಂದು ಮುಚ್ಚಿದ ಬಾಗಿಲಿಗೆ ಬಂದು ಮುಗಿದಿತ್ತು. ನಾನು ಕುಂಟಿಕೊಂಡು ಅಲ್ಲಿಗೆ ಹೋಗುವಷ್ಟರಲ್ಲಿ ಕಳ್ಳ ಚೀಲ ಬಿಸಾಡಿ, ಮಂಡಿಯೂರಿ, ಎರಡೂ ಕೈ ಮೇಲೆತ್ತಿದ್ದ. ಆದರೂ ನಿಜಗುಣ ಅವನ ಕೂದಲು ಹಿಡಿದು ಹಣೆಯನ್ನು ಗೋಡೆಗೆ ಚಚ್ಚುತ್ತಿದ್ದ. ಆ ಶಬ್ದವನ್ನು ಬರೆಯಲಾರೆ. ಕಲ್ಲಿನ ಮೇಲೆ ರಕ್ತ ಇಳಿಯುತ್ತಿತ್ತು. ನಿಜಗುಣನ ಮುಖದಲ್ಲಿ ಕೋಪವೇ ಇರಲಿಲ್ಲ, ಅಕ್ಕ. ಯಾವುದೋ ಕೆಲಸ ಮುಗಿಸುವವನ ಹಾಗಿದ್ದ.

"ನಿಜಾ, ಸ್ಟಾಪ್! ಸತ್ತೇಹೋಗ್ತಾನೆ!" ಅಂತ ಇಂಚರಾ ಅವನ ತೋಳು ಹಿಡಿದಳು. ಅವನು ತಿರುಗಿದ. ಆ ತಿರುಗುವಿಕೆಗೇ ನನ್ನ ಮಗಳ ಕೈ ತಲೆಗೆ ಅಡ್ಡ ಬಂತು. ಅವನಿನ್ನೂ ಕೈ ಎತ್ತಿರಲಿಲ್ಲ! ಏಟು ಎಲ್ಲಿಂದ ಬರುತ್ತದೆ ಅಂತ ಅವಳಿಗೆ ಮೊದಲೇ ಗೊತ್ತಿತ್ತು. ಆಮೇಲೆ ಅವನು ಹೊಡೆದ. ಅವಳು ಗೋಡೆಗೆ ಒರಗಿ ಕೂತಳು. ಕಿವಿಯಿಂದ ರಕ್ತ ಬಂತು. "ದಾರಿ ತಪ್ಸಿದ್ದು ಯಾರು? ನಿನ್ನಿಂದ್ಲೇ ತಾನೇ ಇದೆಲ್ಲ?" ಅಂತ ಇನ್ನೊಮ್ಮೆ ಕೈ ಎತ್ತಿದ.

ನಾನು ಆ ಕೈಗೆ ಬಾಯಿ ಹಾಕಿದೆ. ಹೌದು, ಕಚ್ಚಿದೆ. ನಾಯಿ ಹಿಡಿದ ಹಾಗೆ ಹಿಡಿದು, ಬಾಯಲ್ಲಿ ಉಪ್ಪು ಬರುವವರೆಗೂ ಬಿಡಲಿಲ್ಲ. ಅವನು ನನ್ನನ್ನು ಗೋಡೆಗೆ ಗುದ್ದಿದ, ಒಂದು ಹಲ್ಲು ಮುರಿಯಿತು. ಮೇಲಿನ ಕಿಟಕಿಯಿಂದ ಯಾರೋ ಹೆಂಗಸು ಕಿರುಚಿ ಪೊಲೀಸರನ್ನು ಕರೆಸಿದಳು.

ಏದುಸಿರು ಬಿಡುತ್ತ ಬಂದ ಇವರು ಮೊದಲು ಹೇಳಿದ ಮಾತು, "ಗಲಾಟೆಯಲ್ಲಿ ಕೈ ತಾಗಿರತ್ತೆ ಕಣೇ, ದೊಡ್ಡದು ಮಾಡ್ಬೇಡ." ನಾನು ರಕ್ತ ಉಗಿದು ಇವರ ಮುಖ ನೋಡಿದೆ. ಉತ್ತರ ಕೊಟ್ಟವಳು ಇಂಚರಾ. "ತಾಗಿದ್ದಲ್ಲ ಅಪ್ಪ. ತಾಗಿದ್ದು ಅಂತ ನಾನೂ ಎಲ್ಲರಿಗೂ ಹೇಳ್ಕೊಂಡು ಬಂದೆ. ಐ ಆಮ್ ಟಯರ್ಡ್."

ಪೊಲೀಸ್ ಹೆಂಗಸು ಹರಕು ಇಂಗ್ಲಿಷಿನಲ್ಲಿ "ಯುವರ್ ಹಸ್ಬೆಂಡ್?" ಅಂತ ಕೇಳಿದಳು. ಇಂಚರಾ ಹೌದೆಂದು ತಲೆಯಾಡಿಸಿ, ಎಲ್ಲವನ್ನೂ ಹೇಳಿದಳು. ಕಳ್ಳನನ್ನು ಆಂಬುಲೆನ್ಸಿನಲ್ಲಿ ಒಯ್ದರು. ಬದುಕಿದನಂತೆ. ನಿಜಗುಣನನ್ನು ಅಲ್ಲೇ ಹಿಡಿದಿಟ್ಟರು, ನಾವು ಮೂವರೇ ವಿಮಾನ ಹತ್ತಿದೆವು.

ಇಲ್ಲಿಗೆ ಮುಗಿದಿದ್ದರೆ ಆಗಲೇ ಬರೆದುಬಿಡುತ್ತಿದ್ದೆ. ಅಲ್ಲಿ ಬಿಡುಗಡೆಯಾಗಿ ಬಂದವನು ಹೋದ ಭಾನುವಾರ ಬೆಳಿಗ್ಗೆ ನಮ್ಮ ಮನೆ ಬಾಗಿಲಿಗೆ ಬಂದ. ನಾನು ದೋಸೆ ಹುಯ್ಯುತ್ತಿದ್ದೆ. "ಮಾವ, ಇಂಚರಾನ ಕಳಿಸಿ. ನಮ್ಮನೆ ವಿಷ್ಯ ನಾವೇ ನೋಡ್ಕೋತೀವಿ" ಅಂದ, ಅದೇ ನಯವಾದ ದನಿಯಲ್ಲಿ. ಇವರು ಬಾಗಿಲು ತೆಗೆಯಲಿಲ್ಲ. "ಇದೂ ಅವಳ ಮನೆನೇ. ನೀನು ಹೊರಡು" ಅಂದರು. ಅವನು ಗ್ಯಾರೇಜಿನ ಪಕ್ಕ ಇಟ್ಟಿದ್ದ ಸಲಿಕೆ ತಂದು ಬಾಗಿಲಿನ ಗಾಜು ಒಡೆದ. ಕೈ ಒಳಗೆ ಹಾಕಿ ಚಿಲಕ ಹುಡುಕಿದಾಗ ಇವರು ಮೈಯೆಲ್ಲ ಬಾಗಿಲಿಗೆ ಕೊಟ್ಟು ನಿಂತರು. ಒಡೆದ ಗಾಜಿನ ಸಂದಿಯಿಂದ ಸಲಿಕೆಯ ತುದಿ ಭುಜಕ್ಕೆ ಬಿತ್ತು, ಕೊರಳೆಲುಬು ಮುರಿಯಿತು. ಆದರೂ ಅಲುಗಲಿಲ್ಲ, ಅಕ್ಕ. ಜೀವಮಾನದಲ್ಲಿ ಯಾರಿಗೂ ಗಟ್ಟಿಯಾಗಿ ಬೈಯದ ಮನುಷ್ಯ! ಇಂಚರಾ ಮೆಟ್ಟಿಲ ಮೇಲೆ ನಿಂತು ಪೊಲೀಸರಿಗೆ ಫೋನಿನಲ್ಲಿ ವಿಳಾಸ ಹೇಳುತ್ತಿದ್ದಳು. ಈಗ ಅವನು ಜೈಲಿನಲ್ಲಿದ್ದಾನೆ, ಜಾಮೀನು ಸಿಕ್ಕಿಲ್ಲ.

ಇವರ ತೋಳಿಗೆ ಪಟ್ಟಿ ಕಟ್ಟಿದ್ದಾರೆ, ನಾನೇ ತುತ್ತು ಮಾಡಿ ತಿನ್ನಿಸುತ್ತೇನೆ. ಇಂಚರಾಗೆ ಬಲಗಿವಿ ಅರ್ಧವೇ ಕೇಳಿಸುತ್ತದೆ. ಎಡಗಡೆ ಕೂತು ಮಾತಾಡುವುದು ನಮಗೆಲ್ಲ ಅಭ್ಯಾಸವಾಗುತ್ತಿದೆ. ನಿನ್ನೆ ಅವಳೇ ಕಾರು ತೆಗೆದುಕೊಂಡು ಕ್ವೀನ್ ಸ್ಟ್ರೀಟಿಗೆ ಹೋಗಿ ಕೂದಲು ಗಿಡ್ಡ ಕತ್ತರಿಸಿಕೊಂಡು ಬಂದಳು. "ಇನ್ಯಾರ ಕೈಗೂ ಸಿಗಲ್ಲ" ಅಂದಳು. ಚೆನ್ನಾಗಿದೆ ಅಂದೆ.

ಧೀರಜನಿಗೂ ನಿನ್ನ ಸೊಸೆಗೂ ನನ್ನ ಆಶೀರ್ವಾದ ತಿಳಿಸು. ನೀನು ದೊಡ್ಡವಳು, ನನ್ನ ಮಗಳ ತಲೆ ಮೇಲೆ ಕೈಯಿಟ್ಟಂತೆ ನೆನೆದು ಒಂದು ಒಳ್ಳೆಯ ಮಾತು ಹೇಳು. ಅಷ್ಟು ಸಾಕು.

ನಿನ್ನ ತಂಗಿ,
ವೇದಾ

ತಾ. ಕ.: ಮಾರ್ಚಿನಲ್ಲಿ ಇಂಚರಾಗೆ ಐದು ತಿಂಗಳಾಗಿದ್ದಾಗ ಬೇಸ್‌ಮೆಂಟಿನ ಮೆಟ್ಟಿಲಲ್ಲಿ ಜಾರಿ ಬಿದ್ದಳು, ಗರ್ಭ ಉಳಿಯಲಿಲ್ಲ ಅಂತ ನಿನಗೆ ಹೇಳಿದ್ದೆ. ಅವಳು ಜಾರಿರಲಿಲ್ಲ. ಮೊನ್ನೆ ಹೇಳಿದಳು. ಆಸ್ಪತ್ರೆಯಲ್ಲಿ ಅವನು ಪಕ್ಕದಲ್ಲಿ ಕೂತು ಅವಳಿಗೆ ಚಮಚದಲ್ಲಿ ಗಂಜಿ ಕುಡಿಸುವುದನ್ನು ನೋಡಿ, ಎಂಥ ಗಂಡ ಸಿಕ್ಕಿದ ಅಂತ ನನ್ನ ಕಣ್ಣು ತುಂಬಿ ಬಂದಿತ್ತು. ಹೆಣ್ಣು ಮಗುವಂತೆ. ಹೆಸರೂ ಇಟ್ಟುಕೊಂಡಿದ್ದಳಂತೆ. ಏನು ಹೆಸರು ಮಗಳೇ ಅಂತ ಕೇಳಿದೆ. ನನಗೂ ಹೇಳಲಿಲ್ಲ.