ಜಪಾನಿನ ಆಟದಲ್ಲಿ ಅವ್ವನ ಅಳು

ಮಾದನಹಿಪ್ಪರಗಾ, ತಾ. ಆಳಂದ
೧೧ ಆಗಸ್ಟ್ ೨೦೨೫

ಪ್ರೀತಿಯ ತಮ್ಮ ಧಮ್ಮಪಾಲನಿಗೆ ಅಕ್ಕನ ಜೈಭೀಮ್.

ಹೇಗಿದ್ದೀಯ? ಪುಣೆಯ ಮಳೆಗೆ ನಿನಗೆ ಪ್ರತಿ ವರ್ಷ ಕೆಮ್ಮು ಹತ್ತುತ್ತದೆ, ಬಿಸಿನೀರು ಕುಡಿಯುತ್ತಿದ್ದೀಯ ತಾನೇ? ಸ್ಟುಡಿಯೋದಲ್ಲಿ ಕಿವಿಗೆ ಹೆಡ್‌ಫೋನು ಏರಿಸಿದರೆ ನಿನಗೆ ಹಸಿವು ನೀರಡಿಕೆ ತಿಳಿಯುವುದಿಲ್ಲ, ಹೊತ್ತಿಗೆ ಸರಿಯಾಗಿ ಉಣ್ಣು. ನಾನು ಚೆನ್ನಾಗಿದ್ದೇನೆ. ಹೊಲಿಗೆ ಯಂತ್ರ ಓಡುತ್ತಿದೆ, ಶಾಲೆಯ ಮಕ್ಕಳ ಸಮವಸ್ತ್ರದ ಕೆಲಸ ಕೈತುಂಬ ಇದೆ. ತೊಗರಿ ಮೊಣಕಾಲುದ್ದ ಬಂದಿದೆ. ಅಕ್ಕನಾಗಿ ಕೇಳಬೇಕಾದ್ದನ್ನು ಕೇಳಿದೆ, ಇನ್ನು ಬೈಯಬೇಕಾದ್ದಿದೆ. ಫೋನಿನಲ್ಲಿ ಬೈದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ನಿನ್ನ ಕಂಪನಿ ಜಪಾನಿನ ಹಳೆಯ ಪುರಾಣಕಥೆಗಳನ್ನು ಹಿಡಿದು ಮೊಬೈಲಿನಲ್ಲಿ ಆಡುವ ಆಟವೊಂದನ್ನು ಮಾಡುತ್ತಿದೆ, ಅದರ ಸದ್ದುಗಳನ್ನೆಲ್ಲ ಕೂಡಿಸುವವನು ನೀನೇ ಎಂದು ನೀನು ಹೋದ ವರ್ಷ ಹೇಳಿದ್ದೆ. ಅವ್ವನಿಗೆ ಜಪಾನೆಂದರೆ ಬುದ್ಧ. ನಮ್ಮ ಬುದ್ಧವಿಹಾರದ ಗೋಡೆಯ ಕ್ಯಾಲೆಂಡರಿನಲ್ಲಿ ಬಯಲಲ್ಲಿ ಕೂತಿರುವ ಆ ದೊಡ್ಡ ಬುದ್ಧ ಜಪಾನಿನವನು ಎಂದು ಯಾರೋ ಓದಿ ಹೇಳಿದ್ದು ಅವಳ ತಲೆಯಲ್ಲಿ ಕೂತುಬಿಟ್ಟಿದೆ. 'ನನ್ನ ಮಗ ಬುದ್ಧನ ಆಟ ಮಾಡಾಕತ್ತಾನ' ಎಂದು ಓಣಿಗೆಲ್ಲ ಹೇಳಿಕೊಂಡು ಬಂದಳು. ಬುದ್ಧಪೂರ್ಣಿಮೆಗೆ ಖೀರು ಮಾಡಿ ವಿಹಾರದಲ್ಲಿ ಹಂಚಿದಳು, ಮೈಕಿನಲ್ಲಿ ನಿನ್ನ ಹೆಸರು ಹೇಳಿಸಿದಳು. ಅದನ್ನು ಫೋನಿನಲ್ಲಿ ಕೇಳಿ ನೀನು ನಕ್ಕೆ. ನಕ್ಕೆಯೇ ಹೊರತು, ಅವ್ವಾ, ಅದು ಬುದ್ಧನ ಆಟ ಅಲ್ಲ, ಕತ್ತಿ ಹಿಡಿದು ದೆವ್ವ ಪಿಶಾಚಿಗಳನ್ನು ಕಡಿಯುವ ಆಟ ಎಂಬ ಒಂದು ಮಾತು ನಿನ್ನ ಬಾಯಿಂದ ಹೊರಡಲಿಲ್ಲ. ಪಾಪ, ಖೀರು ತಿಂದವರು ಈಗಲೂ ಕೇಳುತ್ತಾರೆ, ಆ ಆಟದಲ್ಲಿ ಬುದ್ಧನ ಶಿಷ್ಯ ಆನಂದ ಬರುತ್ತಾನೋ ಇಲ್ಲವೋ ಎಂದು. ಏನು ಹೇಳಲಿ ಅವರಿಗೆ?

ಹೋದ ತಿಂಗಳು ಅವ್ವನ ಹೊಟ್ಟೆನೋವಿಗೆ ತೋರಿಸಲು ಬಸ್ಸಿನಲ್ಲಿ ಆಳಂದಕ್ಕೆ ಹೊರಟಿದ್ದೆವು. ಯಾಕೂಬಸಾಬರ ಮಗ ಅಬ್ರಾರ, ಆಳಂದದ ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದಾನಲ್ಲ, ಅವನು ಹಿಂದಿನ ಸೀಟಿನಲ್ಲಿ ಮೊಬೈಲು ಹಿಡಿದು ಏನೋ ಆಡುತ್ತಿದ್ದ. ಇದ್ದಕ್ಕಿದ್ದಂತೆ ಅದರೊಳಗಿಂದ ಹೆಣ್ಣುದನಿಯೊಂದು ಅತ್ತಿತು. ಅವ್ವ ಎದ್ದು ನಿಂತುಬಿಟ್ಟಳು, ಯಾರು ತೀರಿಕೊಂಡರೆಂದು ಹಿಂದೆ ಮುಂದೆ ನೋಡಿದಳು. ಅಬ್ರಾರನಿಗೆ ನಾಚಿಕೆಯಾಯಿತು. 'ಏನಿಲ್ರಿ ಆಯಿ, ಇಕಿ ಜಪಾನಿನ ರಾಕ್ಷಸಿ. ಬೆಟ್ಟದಾಗ ಮಂದೀನ ಹಿಡದ್ ತಿಂತಾಳ. ಕತ್ತಿಲೆ ಕಡದ್ರ ಹಿಂಗ ಅಳ್ತಾಳ' ಎಂದು ತೋರಿಸಿದ. ನೆಲದವರೆಗೆ ಬಿಳಿ ಕೂದಲು ಬಿಟ್ಟುಕೊಂಡ ಮುದುಕಿ, ಮೈಯೆಲ್ಲ ರಕ್ತ. ಇನ್ನೊಮ್ಮೆ ಹಚ್ಚು ಎಂದಳು ಅವ್ವ. ಅವನು ಮತ್ತೆ ಕಡಿದ, ಅದು ಮತ್ತೆ ಅತ್ತಿತು. ಅಳುವಾಗ ಅವ್ವನ ಉಸಿರು ಗಂಟಲಲ್ಲಿ ಸಿಕ್ಕಿ ಬಿಡುತ್ತದಲ್ಲ, ಅದು ನನಗೂ ಗುರುತು ಹತ್ತಿತು. ಅವ್ವ ಮೆಲ್ಲಗೆ ಕೂತುಕೊಂಡು, 'ಇದು ನನ್ನ ದನಿ ಅದ. ಪಂಚಿಗಿ ಅತ್ತಿದ್ದು' ಎಂದಳು. ಅಬ್ರಾರ ಅಲ್ಲೇ ಆ ಆಟವನ್ನು ಮೊಬೈಲಿನಿಂದ ಅಳಿಸಿಹಾಕಿದ. ಅವನೇನು ಅವಳ ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ಆದರೂ ಅಷ್ಟು ಮಾಡಿದ.

ನಮ್ಮ ಕಿರಿಯಳು ಪಂಚಶೀಲಾ ಕಾಮಾಲೆಯಾಗಿ ಹೋದ ದಿನ ನೆನಪಿದೆಯೇ ನಿನಗೆ? ಅವ್ವ ಅವಳ ತಲೆಯ ಬಳಿ ಕೂತು ಅಳುತ್ತಿದ್ದಾಗ ನೀನು ಮಗ್ಗುಲಲ್ಲಿ ಮೊಬೈಲು ಹಿಡಿದು ಕೂತಿದ್ದೆ. ಯಾಕೋ ಎಂದರೆ, 'ಇರ್ಲಿ ಅಕ್ಕಾ, ತಂಗಿ ನೆನಪಾದಾಗ ಕೇಳ್ತೇನಿ' ಎಂದೆ. ಎಂಥ ಅಂತಃಕರಣದ ಹುಡುಗ ಎಂದು ನಾನು ಕಣ್ಣೀರು ಒರೆಸಿಕೊಂಡೆ. ಬಸ್ಸಿನಲ್ಲಿ ಆದದ್ದನ್ನು ಆವತ್ತೇ ಫೋನು ಮಾಡಿ ಹೇಳಿದರೆ ನಿನ್ನ ಉತ್ತರ ಏನು? ಸ್ಟುಡಿಯೋಕ್ಕೆ ನಟಿಯರನ್ನು ಕರೆಸಿದ್ದಿರಂತೆ, ಯಾರಿಗೂ ಹಾಗೆ ಅಳಲು ಬರಲಿಲ್ಲವಂತೆ. ಹೇಗೆ ಬಂದೀತು? ಅವರ ಮಗಳೇನು ಮುಂದೆ ಚಾಪೆಯ ಮೇಲೆ ಮಲಗಿದ್ದಳೇ? ಪಂಚಿಯ ಹೆಸರು ಬರುವಲ್ಲೆಲ್ಲ ಕತ್ತರಿಸಿದ್ದೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಹೊರದೇಶದವರೆಲ್ಲ ಆ ಅಳುವನ್ನು ಹೊಗಳುತ್ತಿದ್ದಾರೆ ಎಂದೆ. ಮಗಳ ಹೆಸರು ತೆಗೆದು ಬರೀ ಸಂಕಟ ಇಟ್ಟುಕೊಂಡೆಯಲ್ಲೋ! ಅವಳು ಅತ್ತಷ್ಟೂ ಆಡುವವರಿಗೆ ಗೆದ್ದೆವೆಂಬ ಖುಷಿ.

ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಅವ್ವನಿಗೆ ಹೇಳಿಕಳಿಸುತ್ತಿದ್ದರು. ಸತ್ತವರ ಒಂದೊಂದು ಗುಣ ಎತ್ತಿ ಹಾಡಿಕೊಂಡು ಅವಳು ಅಳಲು ಶುರುಮಾಡಿದ ಮೇಲೆಯೇ ಉಳಿದವರ ಎದೆ ಬಿಚ್ಚುತ್ತಿತ್ತು. ಹೋದ ವಾರ ಅವಳ ಸ್ವಂತ ಅಕ್ಕ, ಕರಜಗಿಯ ಅಂಬುಬಾಯಿ ದೊಡ್ಡವ್ವ ತೀರಿಕೊಂಡಳು. ನಾವು ಹೋದಾಗ ಹೆಂಗಸರೆಲ್ಲ ಸರಿದು ಅವ್ವನಿಗೆ ಜಾಗ ಬಿಟ್ಟರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಕೂತಳು. ಮಣ್ಣಿಗೆ ಒಯ್ಯುವವರೆಗೂ ಒಂದು ದನಿ ತೆಗೆಯಲಿಲ್ಲ. ಒಡಹುಟ್ಟಿದವಳಿಗೂ ಅಳದಷ್ಟು ಕಲ್ಲಾದಳಲ್ಲ ಎಂದು ದೊಡ್ಡವ್ವನ ಸೊಸೆ ನಮಗೆ ಕೇಳಿಸುವಂತೆಯೇ ಅಂದಳು. ಜಗಳ ಆಡುವ ಜಾಗವಲ್ಲವೆಂದು ಅವ್ವನ ಕೈ ಹಿಡಿದು ಎಬ್ಬಿಸಿಕೊಂಡು ಹೊರಟೆ. ಬರುವ ದಾರಿಯಲ್ಲಿ ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. 'ಅಲ್ಲಿ ಎಲ್ಲಾರ ಕೈಯಾಗೂ ಮೊಬೈಲ್ ಇತ್ತಲ್ಲ ಬೇ' ಎಂದಳು.

ಆ ಅಳುವನ್ನು ಆಟದಿಂದ ತೆಗೆಸು. ಇಷ್ಟೇ ನಾನು ಕೇಳುವುದು. ಆಟ ಈಗ ಕಂಪನಿಯದು, ನನ್ನ ಕೈಯಲ್ಲಿಲ್ಲ ಎಂದೆಯಲ್ಲ, ಹಾಕುವಾಗ ಮಾತ್ರ ನಿನ್ನ ಕೈಯಲ್ಲಿತ್ತೇ? ಹೋಗಿ ಅವರ ಮುಂದೆ ನಿಲ್ಲು. ಅದು ರಾಕ್ಷಸಿಯ ಅಳು ಅಲ್ಲ, ಮಾದನಹಿಪ್ಪರಗಾದ ಮಲ್ಕಮ್ಮ ತನ್ನ ಮಗಳಿಗಾಗಿ ಅತ್ತದ್ದು, ಅವಳನ್ನು ಕೇಳದೆ ನಾನು ತಂದದ್ದು ಎಂದು ನಿನ್ನ ಬಾಯಿಂದ ಹೇಳು. ಕೆಲಸ ಹೋದರೆ ಹೋಗಲಿ. ನಿನ್ನನ್ನು ಕಲಿಸಿದ್ದು ಇದಕ್ಕಲ್ಲ.

ಇಷ್ಟು ಬೈದೆನೆಂದು ಊಟ ಬಿಡಬೇಡ. ಒಳ್ಳೆಯದಾಗಲಿ ಎಂದು ಬರೆಯಲು ಇವತ್ತು ಕೈ ಹೋಗುತ್ತಿಲ್ಲ. ಆ ತಥಾಗತ ನಿನಗೆ ಒಂದಿಷ್ಟು ಕರುಣೆ ಕೊಡಲಿ. ಕೆಮ್ಮಿಗೆ ಔಷಧ ತೆಗೆದುಕೋ.

ನಿನ್ನ ಅಕ್ಕ
ಸಂಘಮಿತ್ರಾ

ತಾ.ಕ.: ಅವ್ವನ ಹೊಟ್ಟೆಯಲ್ಲಿರುವುದು ಗಡ್ಡೆ. ಆಳಂದದವರು ಕಲಬುರಗಿಗೆ ಕಳಿಸಿದರು, ಅಲ್ಲಿಯ ಡಾಕ್ಟರು ಕಾಲ ಮೀರಿದೆ ಎಂದರು. ದಸರೆಯ ಧಮ್ಮಚಕ್ರ ದಿನ ಕಂಡರೆ ಹೆಚ್ಚು. 'ಧಮ್ಮಗ ಹೇಳಬ್ಯಾಡ, ಮಣ್ಣು ಕೊಟ್ಟ ಮ್ಯಾಲ ತಿಳಿಸು' ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ. ಆಣೆ ಮುರಿದು ಬರೆಯುತ್ತಿದ್ದೇನೆ, ಬಾ. ಮೊಬೈಲು ಮಾತ್ರ ಪುಣೆಯಲ್ಲೇ ಇಟ್ಟು ಬಾ. ಈ ಸಲ ಅಳಬೇಕಾದವಳು ನಾನು.